ಗಡಿಠಾಣೆಯಲ್ಲಿ ಬಸ್ಸಿಳಿದವರು

ಯಲ್ಲಾಪುರದಲ್ಲಿ ಲಾರಿಗಳು ಸಾಲಾಗಿ ನಿಲ್ಲುವ ಕಡೆ ಒಂದು ಚಹಾದಂಗಡಿಯಿದೆ. ಹೆದ್ದಾರಿಯ ಹೊಂಡಗಳ ಬಗ್ಗೆ ಸುದ್ದಿ ಮಾಡಬೇಕೆಂದು ಒಂದು ಬೆಳಿಗ್ಗೆ ಅಲ್ಲಿ ಕೂತು ಚಾಲಕರನ್ನು ಮಾತಾಡಿಸುತ್ತಿದ್ದೆ. ನಾನು ಶಿರಸಿಯಲ್ಲಿದ್ದುಕೊಂಡು ಒಂದು ಪತ್ರಿಕೆಗೆ ಮೂರು ತಾಲೂಕುಗಳ ಸುದ್ದಿ ಬರೆಯುವವಳು. ಎಲ್ಲರೂ ಹೊಂಡಗಳನ್ನೂ ಅರಬೈಲ್ ಘಟ್ಟದ ತಿರುವುಗಳನ್ನೂ ಮನಸಾರೆ ಬೈಯುತ್ತಿದ್ದರು. ಮೂಲೆಯಲ್ಲಿ ಬನ್ನು ತಿನ್ನುತ್ತಿದ್ದ ಒಬ್ಬರು ಮಾತ್ರ ಸುಮ್ಮನಿದ್ದರು. ನಿಮಗೇನೂ ತೊಂದರೆ ಇಲ್ಲವೇ ಎಂದು ಅವರನ್ನು ಕೇಳಿದೆ.

"ಹೊಂಡ ಎಲ್ಲರಿಗೂ ಒಂದೇ ಅಕ್ಕಾ. ಅದು ಮುಖ ನೋಡಿ ಬೀಳ್ಸೂದಿಲ್ಲ," ಎಂದರು. "ನನ್ನ ತೊಂದ್ರೆ ಬೇರೆ. ಮಳೆ ಬಿಟ್ಟ ಮೇಲಿಂದ ನಾನು ಪರದೇಶದವ ಆಗಿದ್ದೇನೆ."

ಅಂಗಡಿಯವರು ನಕ್ಕರು. ಹೇಳಿದವರು ನಗಲಿಲ್ಲ.

ಅವರು ಮಾಗೋಡಿನ ಹತ್ತಿರದ ಒಂದು ಕೇರಿಯ ಸಿದ್ದಿ ಸಮುದಾಯದವರು. ಸಿದ್ದಿಗಳ ಪೂರ್ವಜರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದಿದ್ದರು. ಆ ಮೇಲೆ ಎಷ್ಟೋ ತಲೆಮಾರುಗಳು ಇದೇ ಕಾಡಿನಂಚಿನಲ್ಲಿ ಹುಟ್ಟಿ, ಇಲ್ಲೇ ದುಡಿದು, ಇಲ್ಲೇ ಮಣ್ಣಾಗಿವೆ. ಈ ಚಾಲಕರು ಹುಬ್ಬಳ್ಳಿಯಿಂದ ಸಾಮಾನು ತುಂಬಿಕೊಂಡು ಘಟ್ಟ ಇಳಿದು ಪಕ್ಕದ ರಾಜ್ಯಕ್ಕೆ ಹೋಗುತ್ತಿದ್ದರು. ಗಡಿಯ ತಪಾಸಣಾ ಠಾಣೆಯಲ್ಲಿ ಹೊಸದಾಗಿ ಒಂದು ಕ್ಯಾಮೆರಾ ಕೂಡಿಸಿದ್ದರಂತೆ. ವೀಸಾ ಮುಗಿದರೂ ಇಲ್ಲೇ ಉಳಿದುಕೊಂಡ ವಿದೇಶಿಯರನ್ನು ಹಿಡಿಯಲಿಕ್ಕೆ ಯಾವುದೋ ಖಾಸಗಿ ಕಂಪನಿ ಪ್ರಯೋಗಕ್ಕೆಂದು ಕೊಟ್ಟ ಯಂತ್ರ ಅದು. ಬರುವವರ ಮುಖವನ್ನು ತನ್ನಲ್ಲಿರುವ ಮುಖಗಳೊಂದಿಗೆ ಹೋಲಿಸಿ ನೋಡುತ್ತದೆ. ಹೊಂದಿಕೆಯಾಯಿತೆನಿಸಿದರೆ ಕೆಂಪು ತೋರಿಸುತ್ತದೆ. ಇವರು ಹೋದಾಗಲೆಲ್ಲ ಅದು ಕೆಂಪು ತೋರಿಸುತ್ತಿತ್ತು.

"ಆಧಾರ್ ಕೊಡ್ತೇನೆ, ಲೈಸೆನ್ಸ್ ಕೊಡ್ತೇನೆ. ನಕಲಿ ಇರ್ಬಹುದು ಅಂತಾರೆ. ಒಂದ್ಸಲ ಇಡೀ ದಿನ ಕೂರ್ಸಿದ್ರು. ಲಾರಿಯಲ್ಲಿದ್ದ ಟೊಮೆಟೊ ಎಲ್ಲಾ ಕೊಳ್ತು. ಈಗ ಸಾವ್ಕಾರ್ರು ಹೇಳ್ತಾರೆ, ನೀ ಆ ಲೈನಿಗೆ ಬ್ಯಾಡ ಮಾರಾಯಾ, ಇಲ್ಲೇ ಜಲ್ಲಿ ಲೋಡ್ ಹೊಡಿ ಅಂತ."

ಹೊಂಡದ ಸುದ್ದಿಯನ್ನು ಅಲ್ಲಿಗೇ ಬಿಟ್ಟೆ.

ಕೇಳಿದ್ದನ್ನು ಕಣ್ಣಾರೆ ನೋಡದೆ ಬರೆಯಬಾರದೆಂದು ಅದೇ ವಾರ ಇನ್ನೊಂದು ಲೋಡಿಗೆ ಅವರ ಪಕ್ಕದಲ್ಲಿ ಕೂತು ಹೊರಟೆ. ಸಾವಕಾರರು ಮನಸ್ಸಿಲ್ಲದ ಮನಸ್ಸಿನಿಂದ ಅದೊಂದು ಸಲಕ್ಕೆ ಒಪ್ಪಿದ್ದರು. ದಾರಿಯುದ್ದಕ್ಕೂ ಚಾಲಕರು ಹಾಡು ಹಾಕಿಕೊಂಡು, ಮಗಳ ಕಬಡ್ಡಿ ಆಟದ ವಿಷಯ ಹೇಳುತ್ತ ಹಗುರಾಗಿದ್ದರು. ಠಾಣೆ ಒಂದು ತಿರುವಿನಷ್ಟು ದೂರ ಇರುವಾಗ ಹಾಡು ನಿಲ್ಲಿಸಿ ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡರು. 

ಕ್ಯಾಮೆರಾದ ಎದುರು ಮೊದಲು ನಾನು ನಿಂತೆ. ಹಸಿರು. ಅವರು ನಿಂತರು. ಕೆಂಪು.

ಯಂತ್ರ ನೋಡಿಕೊಳ್ಳಲು ಕಂಪನಿ ಇಟ್ಟಿದ್ದವರು ಹಾವೇರಿ ಕಡೆಯ ನಡುವಯಸ್ಸಿನ ಗೃಹಸ್ಥರು. ಒರಟು ಮನುಷ್ಯರಲ್ಲ. ನಮಗೆ ಕುರ್ಚಿ ಹಾಕಿಕೊಟ್ಟರು.

"ನೋಡ್ರಿ ಮೇಡಂ, ಮಷಿನ್ ಕೆಂಪು ತೋರ್ಸ್ತಂದ್ರ ಬಿಡಾಕ ಬರಂಗಿಲ್ರಿ. ಮ್ಯಾಲಿನ ಸಾಹೇಬ್ರಿಗೆ ಫೋಟೋ ಕಳಸ್ಬೇಕು, ಅವ್ರು ಹೂಂ ಅನ್ನೂತನಕ ಕುಂದ್ರಸ್ಬೇಕು."

"ಇವರು ಯಲ್ಲಾಪುರದವರು. ಮಾತಾಡಿದ್ದು ಕೇಳಿದ್ರಲ್ಲ? ಕನ್ನಡ ನಿಮ್ಮಷ್ಟೇ ಚೆನ್ನಾಗಿ ಬರುತ್ತೆ," ಎಂದೆ.

"ಕನ್ನಡ ಈಗ ಯಾರ್ ಬೇಕಾದ್ರೂ ಕಲೀತಾರ್ರಿ," ಎಂದು ಹೇಳಿ ಅವರೇ ಮುಜುಗರಪಟ್ಟು ನೆಲ ನೋಡಿದರು. "ನನ್ ಕೈಯಾಗ ಏನೂ ಇಲ್ರಿ. ಬರ್ರಿ, ಒಳಗ ನೆರಳಾಗ ಕುಂದರ್ರಿ."

ಆ ದಿನ ನಮ್ಮನ್ನು ಬಿಟ್ಟಾಗ ಹೊತ್ತು ಇಳಿದಿತ್ತು.

ನನ್ನ ವರದಿ ಒಳಪುಟದಲ್ಲಿ ಸಣ್ಣದಾಗಿ ಬಂತು. ಕಂಪನಿಯ ಉತ್ತರ ಅದಕ್ಕಿಂತ ದೊಡ್ಡದಾಗಿ ಬಂತು. ಯಂತ್ರ ಅತ್ಯಂತ ನಿಖರವಾಗಿದೆ, ಎಲ್ಲೋ ಒಬ್ಬರ ವಿಷಯದಲ್ಲಿ ಹೀಗಾಗಿರಬಹುದು, ಒಂದು ಘಟನೆಯಿಂದ ಇಡೀ ವ್ಯವಸ್ಥೆಯನ್ನು ದೂರುವುದು ಸರಿಯಲ್ಲ ಎಂದು ಬರೆದಿದ್ದರು. ಓದಿದಾಗ ಮೈ ಉರಿಯಿತು. ಆದರೆ ನನ್ನ ಹತ್ತಿರ ಇದ್ದದ್ದು ನಿಜಕ್ಕೂ ಒಬ್ಬ ಮನುಷ್ಯ, ಒಂದು ದಿನ.

ಶಿರಸಿಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಮೇಷ್ಟ್ರೊಬ್ಬರ ಪರಿಚಯವಿತ್ತು. ಚುನಾವಣೆ ಬಂದಾಗ ಶೇಕಡಾವಾರು ಲೆಕ್ಕ ಕೇಳಲು ಅವರಿಗೆ ಫೋನು ಮಾಡುತ್ತಿದ್ದೆ. ಪ್ರತಿ ಸಲವೂ ನಾನು ಬರೆದದ್ದರಲ್ಲಿ ಒಂದಾದರೂ ತಪ್ಪು ಹುಡುಕಿ ಹೇಳುತ್ತಿದ್ದರು. ಪತ್ರಿಕೆ ಹಿಡಿದು ಅವರ ಮನೆಗೆ ಹೋದೆ. ಕನ್ನಡಕ ಹಣೆಗೇರಿಸಿ ಎರಡನ್ನೂ ಓದಿದರು.

"ನೀ ಬರದ್ದು ಸುಳ್ಳಲ್ಲ ತಂಗಿ. ಆದ್ರೆ ಅವ್ರು ಹೇಳಿದ್ದೂ ತಪ್ಪು ಹೇಳಿ ತೋರ್ಸಲೆ ನಿನ್ನ ಹತ್ರ ಎಂತೂ ಇಲ್ಲೆ," ಎಂದರು.

"ಹಂಗಾರೆ ಎಂತ ಮಾಡವು?"

ಅದಕ್ಕೆ ಅವರು ಒಂದು ಲೆಕ್ಕ ಹೇಳಿದರು. ಶಿರಸಿ ಪೇಟೆಯಲ್ಲಿ ಹತ್ತು ಸಾವಿರ ಜನ ಓಡಾಡುತ್ತಿದ್ದಾರೆ, ಅವರಲ್ಲಿ ಕಳ್ಳ ಒಬ್ಬನೇ ಎಂದು ಇಟ್ಟುಕೊಳ್ಳಬೇಕು. ಯಂತ್ರ ಬಹಳ ಒಳ್ಳೆಯದು, ನೂರು ಜನರನ್ನು ನೋಡಿದರೆ ಒಬ್ಬರ ವಿಷಯದಲ್ಲಿ ಮಾತ್ರ ತಪ್ಪುತ್ತದೆ. "ಈಗ ಹೇಳು, ಆ ಒಬ್ಬ ಕಳ್ಳನ್ನ ಹಿಡಿಯಲೆ ಎಷ್ಟು ಒಳ್ಳೆಯವ್ರ ಕಾಲರಿಗೆ ಕೈ ಹಾಕ್ತು?"

ನಾನು ಲೆಕ್ಕ ಹಾಕಿದೆ. "ನೂರು ಜನ!"

"ಆತು. ಅದು ಒಂದು. ಇನ್ನೊಂದು ಇದ್ದು. ಆ ನೂರು ಜನ ಎಲ್ಲ ಕೇರಿಯವ್ರೂ ಆದ್ರೆ ಒಂದು ಮಾತು. ಒಂದೇ ಕೇರಿಯವ್ರು ಆದ್ರೆ?" ಎಂದರು. ಒಳಗಿಂದ ಕಷಾಯ ಬಂತು. ಕುಡಿಯುತ್ತ ಅವರೇ ಮುಂದುವರಿಸಿದರು. "ಅದನ್ನು ನೋಡಿಯೇ ತಿಳಿಯವು. ಕೂತ್ಕಂಡು ಹೇಳಲೆ ಬತ್ತಿಲ್ಲೆ."

ಮೇಷ್ಟ್ರ ಹಳೆಯ ಸಹಪಾಠಿಯೊಬ್ಬರು ದೂರದ ವಿಶ್ವವಿದ್ಯಾಲಯದಲ್ಲಿ ಇಂಥ ಮುಖ ಗುರುತಿಸುವ ಯಂತ್ರಗಳ ಮೇಲೆಯೇ ಸಂಶೋಧನೆ ಮಾಡುವವರು. ಅವರು ಫೋನಿನಲ್ಲಿ ಜತೆಯಾದರು. ಯಾವ ಮುಖಗಳನ್ನು ಹೆಚ್ಚು ತೋರಿಸಿ ಯಂತ್ರಕ್ಕೆ ಕಲಿಸಿದ್ದಾರೋ ಆ ಮುಖಗಳನ್ನು ಅದು ಚೆನ್ನಾಗಿ ಬೇರೆಬೇರೆಯಾಗಿ ಗುರುತಿಸುತ್ತದೆ, ಕಡಿಮೆ ತೋರಿಸಿದ ಬಗೆಯ ಮುಖಗಳೆಲ್ಲ ಅದಕ್ಕೆ ಒಂದೇ ಥರ ಕಾಣುತ್ತವೆ ಎಂದು ಅವರು ಬಿಡಿಸಿ ಹೇಳಿದರು. ಗಡಿಯಾಚೆಯ ಪತ್ರಿಕೆಯೊಂದರ ವರದಿಗಾರರನ್ನು ನಾನು ಹುಡುಕಿದೆ. ಆ ಠಾಣೆಯಲ್ಲಿ ಏನೋ ಸರಿಯಿಲ್ಲವೆಂದು ಅವರಿಗೂ ಅನುಮಾನವಿತ್ತು. ಹೀಗೆ ಇಬ್ಬರು ಮೇಷ್ಟ್ರು, ಇಬ್ಬರು ವರದಿಗಾರರು ಒಂದು ಕೆಲಸಕ್ಕೆ ಕೂತೆವು. ಬಹಳ ದಿನ ಜಗಳವಾಡಿದೆವು ಎಂದರೂ ನಡೆದೀತು.

ನನಗೆ ಅವಸರ. ಕಬಡ್ಡಿ ಆಡಲು ಹೋಗುತ್ತಿದ್ದ ಸಿದ್ದಿ ಹುಡುಗಿಯರ ತಂಡವನ್ನು ಠಾಣೆಯಲ್ಲಿ ಇಳಿಸಿ ನಿಲ್ಲಿಸಿಕೊಂಡರೆಂಬ ಸುದ್ದಿ ಬಂದಾಗ ಇವತ್ತೇ ಬರೆಯಬೇಕೆಂದು ಕೂತೆ. ಮೇಷ್ಟ್ರು ಬಿಡಲಿಲ್ಲ. ಯಂತ್ರ ತಡೆದವರ ಕಥೆಯನ್ನಷ್ಟೇ ಕೂಡಿಸುತ್ತ ಹೋದರೆ ತಡೆಯದೇ ಬಿಟ್ಟವರ ಲೆಕ್ಕ ತಪ್ಪುತ್ತದೆ ಎಂದು ಅವರ ವಾದ.

"ನಿಮ್ಮ ಲೆಕ್ಕ ಮುಗಿಯೋ ಹೊತ್ತಿಗೆ ಇನ್ನೆಷ್ಟು ಮಕ್ಕಳನ್ನ ನಿಲ್ಸವು?" ಎಂದು ಏರುದನಿಯಲ್ಲಿ ಕೇಳಿದೆ.

ಅವರು ಪೆನ್ನು ಕೆಳಗಿಟ್ಟರು. "ನೀ ಹೇಳೂದೂ ಹೌದು," ಎಂದರು. "ಮಕ್ಕಳ ಸುದ್ದಿ ನೀ ಬರಿ. ಯಂತ್ರದ್ದೇ ತಪ್ಪು ಹೇಳಿ ಮಾತ್ರ ಈಗಲೇ ಬರೀಬ್ಯಾಡ. ಅದನ್ನು ತೋರ್ಸಿಯೇ ಬರೆಯನ."

ಆ ಒಪ್ಪಂದದ ಮೇಲೆ ನಮ್ಮ ಕೆಲಸ ಸಾಗಿತು. ಹೆಸರಿಲ್ಲದೆ, ಫೋಟೋ ಇಲ್ಲದೆ ಮಕ್ಕಳ ಸುದ್ದಿ ಬರೆದೆ. ಫೋಟೋ ಬೇಡವೆಂದು ಮೊದಲು ಹೇಳಿದವರು ಚಾಲಕರೇ. ಮೊದಲ ವರದಿಯೊಂದಿಗೆ ಅವರ ಒಂದು ಚಿತ್ರ ಹಾಕಿದರೆ ಜನ ಓದುತ್ತಾರೆಂದು ಪತ್ರಿಕೆಯ ಡೆಸ್ಕಿನವರು ಬಹಳ ಒತ್ತಾಯಿಸಿದ್ದರು. "ನನ್ನ ಫೋಟೋ ಹಿಡ್ಕೊಂಡು ಒಂದು ಮಷಿನ್ ಕೂತದಲ್ಲ ಅಕ್ಕಾ, ಅದೇ ಸಾಕು," ಎಂದಿದ್ದರು. ಡೆಸ್ಕಿಗೆ ಅದೇ ಮಾತನ್ನು ದಾಟಿಸಿದೆ. ಮತ್ತೆ ಯಾರೂ ಕೇಳಲಿಲ್ಲ.

ಮೇಷ್ಟ್ರ ಯೋಜನೆ ಸರಳವಾಗಿತ್ತು. ಯಲ್ಲಾಪುರದಿಂದ ಗಡಿ ದಾಟುವ ಬಸ್ಸಿನಲ್ಲಿ ಸಿದ್ದಿ ಸಮುದಾಯದ ಒಬ್ಬರು ಹೋಗಬೇಕು. ಅದೇ ಬಸ್ಸಿನಲ್ಲಿ ಅವರದೇ ವಯಸ್ಸಿನ, ಅವರಂಥದೇ ಬಟ್ಟೆ ತೊಟ್ಟು ಅವರಂಥದೇ ಚೀಲ ಹಿಡಿದ ಇನ್ನೊಬ್ಬರು, ಸಿದ್ದಿಗಳಲ್ಲದವರು, ಹೋಗಬೇಕು. ಯಾರನ್ನು ತಡೆದರು, ಯಾರನ್ನು ಬಿಟ್ಟರು, ಎರಡನ್ನೂ, ಎಷ್ಟು ಹೊತ್ತು ಕೂರಿಸಿದರೆಂಬುದನ್ನೂ ಬರೆದುಕೊಳ್ಳಬೇಕು. ಒಂದೆರಡು ಸಲ ಅಲ್ಲ, ಯಾರೂ ಅಲ್ಲಗಳೆಯಲಾಗದಷ್ಟು ಸಲ.

ಹೇಳಲು ಸರಳ. ಆದರೆ ಅವಮಾನವಾಗುತ್ತದೆಂದು ಗೊತ್ತಿದ್ದೂ ಹೋಗಿಬನ್ನಿ ಎಂದು ಜನರನ್ನು ಹೇಗೆ ಕೇಳುವುದು? ಈ ಪ್ರಶ್ನೆ ನನಗಿಂತ ಹೆಚ್ಚು ಮೇಷ್ಟ್ರನ್ನು ಕಾಡಿತು. ಚಾಲಕರೇ ದಾರಿ ತೋರಿಸಿದರು. "ನೀವು ನಿಮ್ಮಲ್ಲೇ ಮಾತಾಡ್ಕೊಂಡ್ರೆ ಎಂತ ಆಯ್ತು? ನಮ್ಮ ಕೇರಿಗೆ ಬನ್ನಿ," ಎಂದರು.

ಹೋದೆವು. ಅಂಗನವಾಡಿಯ ಜಗಲಿಯಲ್ಲಿ ಜನ ಸೇರಿದ್ದರು. ಚಾಲಕರ ಹೆಂಡತಿ ಅಲ್ಲಿಯ ಕಾರ್ಯಕರ್ತೆ. ಸಭೆಯನ್ನು ಅವರೇ ನಡೆಸಿದರು. ಮೇಷ್ಟ್ರು ಎದ್ದು ನಿಂತು ಮುಚ್ಚುಮರೆಯಿಲ್ಲದೆ ಹೇಳಿದರು: ತೊಂದರೆ ಆಗಬಹುದು, ಆಗುವುದಿಲ್ಲವೆಂದು ಭರವಸೆ ಕೊಡಲಾರೆ, ಬೇಡ ಎನ್ನುವವರು ಕಾರಣ ಹೇಳಬೇಕಾಗಿಲ್ಲ.

ಹಿಂದೆ ಕೂತಿದ್ದ ಒಬ್ಬ ಅಮ್ಮ ಕೇಳಿದರು, "ನಮ್ಮನ್ನ ಹಿಡ್ಕೊಂಡ್ರೆ ಬಿಡ್ಸೂದು ಯಾರು? ನಿಮ್ಮ ಪೇಪರಾ, ನಿಮ್ಮ ಕಾಲೇಜಾ?"

 ಅದನ್ನು ನಾವು ಯೋಚಿಸಿರಲೇ ಇಲ್ಲ. ಸಿದ್ದಾಪುರದಲ್ಲಿ ನನ್ನ ಪರಿಚಯದ ಹಿರಿಯ ವಕೀಲರೊಬ್ಬರಿದ್ದರು. ಕೋರ್ಟಿಗೆ ಹೋಗುವುದನ್ನು ಬಿಟ್ಟು ಕೆಲವು ವರ್ಷಗಳಾಗಿದ್ದವು. ಅಲ್ಲೇ ಜಗಲಿಯಿಂದಲೇ ಅವರಿಗೆ ಫೋನು ಮಾಡಿ ಎಲ್ಲರಿಗೂ ಕೇಳುವಂತೆ ಇಟ್ಟೆ. ವಿಷಯ ಕೇಳಿದ ಅವರು ನನ್ನ ಹತ್ತಿರ ಮಾತಾಡಲಿಲ್ಲ, ಆ ಅಮ್ಮನ ಹತ್ತಿರವೇ ಮಾತಾಡಿದರು.

"ತಾಯೀ, ನೀವು ಬಸ್ ಹತ್ತಿದಾಗ ನನಗೆ ಒಂದು ಫೋನ್ ಮಾಡಿ. ಇಳಿದಾಗ ಇನ್ನೊಂದು ಮಾಡಿ. ಇಳಿದ ಫೋನ್ ಬರದೇ ಇದ್ರೆ ನಾನು ಕಾರು ಹತ್ತಿ ಬರ್ತೇನೆ. ಇದಕ್ಕಿಂತ ಹೆಚ್ಚು ಈಗ ಹೇಳೂದು ಬೇಡ."

ಹಾಗೆಯೇ ನಡೆದುಕೊಂಡರು. ನಮ್ಮವರು ಪ್ರಯಾಣ ಹೊರಟ ದಿನಗಳಲ್ಲೆಲ್ಲ ಆ ಹಿರಿಯರು ಊಟದ ತಟ್ಟೆಯ ಪಕ್ಕದಲ್ಲೂ ಫೋನು ಇಟ್ಟುಕೊಂಡಿರುತ್ತಿದ್ದರೆಂದು ಅವರ ಸೊಸೆ ಆಮೇಲೆ ನನಗೆ ಹೇಳಿದಳು. ಎರಡು ಸಲ ಕಾರು ಹತ್ತಿ ಬಂದೂ ಬಂದರು.

ಹೇಗಿದ್ದರೂ ಆಚೆಗೆ ಹೋಗುವ ಕೆಲಸವಿದ್ದವರು ಮಾತ್ರ, ತಾವಾಗಿ ಒಪ್ಪಿದವರು ಮಾತ್ರ ಹೋಗಬೇಕು, ನಮ್ಮಲ್ಲಿ ಒಬ್ಬರು ಯಾವಾಗಲೂ ಅದೇ ಬಸ್ಸಿನಲ್ಲಿರಬೇಕು ಎಂದು ತೀರ್ಮಾನವಾಯಿತು. ಜೋಡಿಯಾಗಿ ಹೋಗುವವರನ್ನು ಹುಡುಕಲು ನಾನು ಮೂರು ತಾಲೂಕು ಸುತ್ತಿದೆ. ಯಾರೂ ಬರಲಾರರೆಂದುಕೊಂಡಿದ್ದೆ. ಬನವಾಸಿ ಕಡೆಯ ಬೀಜದಂಗಡಿಯವರು ಅಂಗಡಿ ಮುಚ್ಚಿ ಬಂದರು. "ನಮ್ಮಂಥಾವ್ರನ್ನ ಬಿಡ್ತಾರಂತ ತೋರ್ಸಾಕ ನಾ ಬರ್ಬೇಕ್ರೇನು? ಬರ್ತೀನ್ ತಗೋರಿ," ಎಂದರು. ಹೆಗಡೆಕಟ್ಟಾದ ನಿವೃತ್ತ ಶಿಕ್ಷಕಿಯೊಬ್ಬರು ಬಂದರು. ಜಗಲಿಯಲ್ಲಿ ಪ್ರಶ್ನೆ ಕೇಳಿದ್ದ ಅಮ್ಮನಿಗೆ ಅವರೇ ಜೋಡಿ. ಇಬ್ಬರೂ ಒಂದೇ ಥರದ ಇಳಕಲ್ ಸೀರೆ ಉಟ್ಟುಕೊಂಡು ಹೊರಟರು. ಆ ದಿನ ಅಮ್ಮನನ್ನು ತಡೆದರು, ಶಿಕ್ಷಕಿಯನ್ನು ಯಾರೂ ನೋಡಲೂ ಇಲ್ಲ.

ವಾಪಸು ಬಂದ ಶಿಕ್ಷಕಿ ನಮ್ಮ ಮನೆಯ ಮೆಟ್ಟಿಲ ಮೇಲೇ ಕುಸಿದು ಕೂತರು. "ಎನ್ನ ಯಾರೂ ಕೇಳಿದ್ವೇ ಇಲ್ಲೆ. ಅದೇ ಸೀರೆ, ಅದೇ ಚೀಲ. ಎನ್ನ ಚೀಲದಲ್ಲಿ ಆಧಾರ ಕಾರ್ಡೂ ಇರ್ಲಿಲ್ಲೆ, ಮರ್ತು ಹೋಗಿದ್ದಿ!" ಎಂದರು. ಮೊದಲು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡರು. ಅಂದಿನಿಂದ ಅವರಿಬ್ಬರ ಸ್ನೇಹ ಬೆಳೆದಿದೆ. ಮಾಗೋಡಿನಿಂದ ಜೇನು ಬರುತ್ತದೆ, ಹೆಗಡೆಕಟ್ಟಾದಿಂದ ಕಾಳುಮೆಣಸು ಹೋಗುತ್ತದೆ.

ಆ ಪ್ರಯಾಣಗಳಲ್ಲಿ ನಾನು ಮರೆಯಲಾರದ್ದು ಒಂದಿದೆ.

ಅದೇ ಕೇರಿಯ ಒಬ್ಬ ಯುವತಿ ನರ್ಸಿಂಗ್ ಮುಗಿಸಿ ಗಡಿಯಾಚೆಯ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಕ್ಯಾಮೆರಾ ಬಂದು ಎರಡು ಮೂರು ಸಲ ತಡೆದ ಮೇಲೆ ಊರಿಗೆ ಬರುವುದನ್ನೇ ಬಿಟ್ಟಿದ್ದಳು. ನಮ್ಮ ವಿಷಯ ತಿಳಿದು ತಾನೇ ಫೋನು ಮಾಡಿ, ರಜೆಯಲ್ಲಿ ಊರಿಗೆ ಬರುತ್ತೇನೆ, ಮರಳಿ ಹೋಗುವಾಗ ನನ್ನನ್ನೂ ಸೇರಿಸಿಕೊಳ್ಳಿ ಎಂದಳು. ಅವಳಿಗೆ ಜೋಡಿಯಾಗಿ ಮೇಷ್ಟ್ರ ವಿದ್ಯಾರ್ಥಿನಿಯೊಬ್ಬಳು ಹೊರಟಳು. ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ. ಬಸ್ಸು ತುಂಬಿತ್ತು.

ಠಾಣೆಯಲ್ಲಿ ಎಲ್ಲರೂ ಇಳಿದು ಕ್ಯಾಮೆರಾದ ಎದುರು ಒಬ್ಬೊಬ್ಬರಾಗಿ ಹಾದು ಮತ್ತೆ ಬಸ್ಸು ಹತ್ತಿದರು. ನರ್ಸ್ ಹತ್ತಲಿಲ್ಲ. ಕೆಂಪು ಬಂದಿತ್ತು. ಅವಳನ್ನು ಒಳಗೆ ಕರೆದುಕೊಂಡು ಹೋದರು. ಠಾಣೆಯ ಸಿಬ್ಬಂದಿಯೊಬ್ಬ ಬಂದು ಬಸ್ಸು ಹೋಗಲಿ ಎಂದು ಕೈ ಬೀಸಿದ. ನಾನು ಇಳಿಯಲು ಎದ್ದೆ.

ಅಷ್ಟರಲ್ಲಿ ಕಂಡಕ್ಟರ್ ಬಾಗಿಲಲ್ಲಿ ನಿಂತರು. ಅಂಕೋಲಾ ಕಡೆಯವರು, ತೆಳ್ಳಗಿನ ಮನುಷ್ಯ. ಅವರಿಗೆ ನಮ್ಮ ಕೆಲಸದ ವಿಷಯ ಏನೂ ಗೊತ್ತಿರಲಿಲ್ಲ.

"ನನ್ನ ಒಂದು ಪ್ಯಾಸೆಂಜರ್ ಒಳಗೆ ಉಂಟು," ಎಂದರು.

"ಅವ್ರದ್ದು ಲೇಟಾಗ್ತದೆ. ನೀವು ಹೋಗಿ."

"ಅವ್ಳು ಕೊನೇ ಸ್ಟಾಪಿನವರೆಗೆ ಟಿಕೆಟ್ ತೆಗ್ದಿದ್ದಾಳೆ ಸ್ವಾಮಿ. ಅವ್ಳು ಹತ್ತದೆ ನಾನು ರೈಟ್ ಹೇಳೂದಿಲ್ಲ."

ಸಿಬ್ಬಂದಿ ದನಿಯೇರಿಸಿದ. ಚಾಲಕರ ಸೀಟಿನಲ್ಲಿದ್ದವರು ಇಂಜಿನ್ ಆರಿಸಿದರು. ಬಸ್ಸಿನೊಳಗೆ ಗುಸುಗುಸು ಎದ್ದಿತು. ಈಗ ಜನ ನಮ್ಮ ಮೇಲೆ ತಿರುಗಿಬೀಳುತ್ತಾರೆ, ಎಲ್ಲರಿಗೂ ಅವಸರವಿದೆ ಎಂದು ನನಗೆ ಹೆದರಿಕೆಯಾಯಿತು. ಮುಂದಿನ ಸೀಟಿನಲ್ಲಿ ಮೀನಿನ ಬುಟ್ಟಿ ಕಾಲಡಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬರು ಎದ್ದರು. ಬೈಯುತ್ತಾರೆಂದುಕೊಂಡೆ. ಅವರು ಬುಟ್ಟಿಯನ್ನು ಅಲ್ಲೇ ಬಿಟ್ಟು ಕೆಳಗಿಳಿದರು. "ಒಬ್ಬಳೇ ಕೂತಿದ್ದಾಳಲ್ರಾ ಆ ಹುಡುಗಿ. ಜತೆಗೆ ಹೋಗಿ ಕೂಡ್ತೆ," ಎಂದು ಸೀದಾ ಠಾಣೆಯೊಳಗೆ ನಡೆದರು. ಅವರ ಹಿಂದೆ ಮಗುವನ್ನೆತ್ತಿಕೊಂಡ ಒಬ್ಬ ತಾಯಿ ಇಳಿದಳು. ಕೋಲೂರಿಕೊಂಡ ಒಬ್ಬ ಅಜ್ಜ ಇಳಿದರು. ನೋಡನೋಡುತ್ತ ಅರ್ಧ ಬಸ್ಸು ಖಾಲಿಯಾಗಿ ಠಾಣೆಯ ಜಗಲಿ ತುಂಬಿತು. ಯಾರೂ ಘೋಷಣೆ ಕೂಗಲಿಲ್ಲ. ಸುಮ್ಮನೆ ಬೆಂಚುಗಳ ಮೇಲೆ, ನೆಲದ ಮೇಲೆ ಕೂತರು. ಮಗು ಅತ್ತಾಗ ಯಾರೋ ಬಿಸ್ಕೀಟು ಕೊಟ್ಟರು.

ನಾನು ಒಳಗೆ ಹೋದಾಗ ನರ್ಸ್ ತಲೆ ತಗ್ಗಿಸಿ ಕೂತಿದ್ದಳು. ಮೀನಿನ ಹೆಂಗಸು ಅವಳ ಕೈ ಹಿಡಿದುಕೊಂಡಿದ್ದರು. ಯಂತ್ರದ ಮುಂದೆ ಕೂತಿದ್ದವರು ಅದೇ ಹಾವೇರಿಯ ಗೃಹಸ್ಥರು. ಅವರು ಫೋನಿನಲ್ಲಿ ಮೇಲಿನವರಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. "ಸರ್, ಈ ಹುಡುಗಿ ನಮ್ಮಾಕೀರಿ. ನಾ ಹೇಳಾಕತ್ತೀನಲ್ರಿ, ನಮ್ಮಾಕಿ." ಆ ಕಡೆಯಿಂದ ಏನು ಹೇಳಿದರೋ, ಬಿಡಲು ಒಪ್ಪಿಗೆ ಸಿಕ್ಕಿತು.

ನರ್ಸ್ ಬಸ್ಸು ಹತ್ತಿದಾಗ ಕಂಡಕ್ಟರ್ ಎಲ್ಲರೂ ಹತ್ತಿದ್ದಾರೋ ಎಂದು ತಿರುಗಿ ನೋಡಿ, "ರೈಟ್," ಎಂದರು. ಸ್ವಲ್ಪ ದೂರ ಹೋದ ಮೇಲೆ ಅವಳು ಕಿಟಕಿಗೆ ಮುಖ ಮಾಡಿ ಅಳತೊಡಗಿದಳು. ಇಷ್ಟು ದಿನ ತಡೆದಾಗ ಅಳಲಿಲ್ಲ, ಇವತ್ತು ಇವರೆಲ್ಲ ಇಳಿದು ಬಂದಿದ್ದಕ್ಕೆ ಅಳು ಬಂತು ಎಂದು ಆಮೇಲೆ ನನಗೆ ಹೇಳಿದಳು.

ಮೇಷ್ಟ್ರಿಗೆ ಈ ಸಂಗತಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಕೊನೆಗೆ, ಆ ದಿನದ ಪ್ರಯಾಣವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಲಾಗದು ಎಂದರು. ಜನ ಇಳಿದು ಬಂದದ್ದರಿಂದ ಬೇಗ ಬಿಟ್ಟಿದ್ದಾರೆ, ಎಷ್ಟು ಹೊತ್ತು ಕೂರಿಸುತ್ತಿದ್ದರೆಂದು ತಿಳಿಯುವುದಿಲ್ಲವಂತೆ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತನ್ನ ಪರವಾಗಿರುವ ಸಾಕ್ಷಿಯನ್ನೂ ತೂಗಿ ನೋಡಿ ಬದಿಗಿಡಬಲ್ಲ ಇಂಥವರ ಜತೆ ಕೆಲಸ ಮಾಡುತ್ತಿದ್ದೇನಲ್ಲ ಎಂದು ಮನಸ್ಸು ತುಂಬಿಬಂತು. "ಲೆಕ್ಕಕ್ಕೆ ಬ್ಯಾಡ. ನೀ ಬರಿ. ಅದು ನಿನ್ನ ಕೆಲ್ಸ, ಚೊಲೊ ಮಾಡಿ ಬರಿ," ಎಂದರು.

ಎಲ್ಲವೂ ಮುಗಿದ ಮೇಲೆ ಇಬ್ಬರು ಮೇಷ್ಟ್ರೂ ಸೇರಿ ವರದಿ ಸಿದ್ಧಪಡಿಸಿದರು. ಸಿದ್ದಿಗಳನ್ನು ಯಂತ್ರ ಮತ್ತೆ ಮತ್ತೆ ತಡೆದಿತ್ತು, ಅವರ ಜೋಡಿಗಳನ್ನು ತಡೆದೇ ಇರಲಿಲ್ಲ ಎನ್ನಬಹುದು. ಅದು ತಡೆದವರಲ್ಲಿ ಒಬ್ಬರೂ ವಿದೇಶದವರಾಗಿರಲಿಲ್ಲ. ಅಚ್ಚಾಗುವ ಮೊದಲು ವರದಿಯನ್ನು ಕೇರಿಗೆ ತೆಗೆದುಕೊಂಡು ಹೋಗಿ ಕನ್ನಡದಲ್ಲಿ ಓದಿ ಹೇಳಿದೆವು. ಅವರು ತೆಗೆಯಬೇಕೆಂದ ಎರಡು ಕಡೆ ತೆಗೆದೆವು. ಆಮೇಲೆ ಗಡಿಯ ಈಚೆಗೂ ಆಚೆಗೂ ಒಂದೇ ದಿನ ಪತ್ರಿಕೆಗಳಲ್ಲಿ ಬಂತು. ಈ ಸಲ ಒಳಪುಟದಲ್ಲಿ ಅಲ್ಲ.

ಅಧಿಕಾರಿಗಳು ಒಂದು ಸಭೆ ಕರೆದರು. ಕಂಪನಿಯ ಪ್ರತಿನಿಧಿ ಒಳ್ಳೆಯ ಸೂಟು ತೊಟ್ಟು ಬಂದಿದ್ದರು. ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿದರು. ಮೇಷ್ಟ್ರು ತಮ್ಮ ಪುಟಗಳನ್ನು ಅವಸರವಿಲ್ಲದೆ ಓದಿದರು. ತಡೆಯದೇ ಬಿಟ್ಟವರ ಲೆಕ್ಕವೂ ಇದೆಯೇ ಎಂದು ಪ್ರತಿನಿಧಿ ಕೇಳಿದಾಗ, "ಇದೆ, ಆರನೇ ಪುಟ," ಎಂದರು. ನನಗೆ ಒಳಗೊಳಗೇ ನಗು. ಆ ಆರನೇ ಪುಟಕ್ಕಾಗಿ ನಾನು ಅವರೊಂದಿಗೆ ಎಷ್ಟು ಕಾದಾಡಿದ್ದೆ!

ಸಭೆಯನ್ನು ತಿರುಗಿಸಿದವರು ಮಾತ್ರ ನಾವು ಎಣಿಸಿರದವರು. ಹಾವೇರಿಯ ಗೃಹಸ್ಥರು ಹಿಂದಿನ ಸಾಲಿನಿಂದ ಎದ್ದು ನಿಂತರು. ಯಂತ್ರ ತಪ್ಪಿದೆ ಎಂದು ಎಷ್ಟೋ ಸಲ ಮೇಲಿನವರಿಗೆ ತಿಳಿಸಿದ್ದೆ, ಯಂತ್ರ ಹೇಳಿದ್ದನ್ನು ಬದಲಿಸುವ ಅಧಿಕಾರ ನಿನಗಿಲ್ಲ ಎಂದು ಹೇಳಿದ್ದರು ಎಂದರು.  "ನಾ ದಿನಾ ಅವ್ರ ಮಾರಿ ನೋಡ್ತಿದ್ನಿರಿ. ನನಗ ಗೊತ್ತಿತ್ರಿ, ಇವ್ರು ನಮ್ಮವ್ರು ಅಂತ. ಗೊತ್ತಿದ್ದೂ ಕುಂದ್ರಸ್ತಿದ್ನಿ."

ನರ್ಸ್ ಅಂದು ರಜೆ ಹಾಕಿ ಬಂದಿದ್ದಳು. ಅವಳು ಹೇಳಿದ್ದು ಸ್ವಲ್ಪವೇ. "ಆಸ್ಪತ್ರೆಯಲ್ಲಿ ನಾನು ತಪ್ಪು ಔಷಧಿ ಕೊಟ್ರೆ ಯಾಕೆ ಕೊಟ್ಟೆ ಅಂತ ಕೇಳ್ತಾರೆ, ನಾನು ಉತ್ತರ ಕೊಡ್ಬೇಕು. ಇಲ್ಲಿ ಯಾರು ಉತ್ತರ ಕೊಡ್ತಾರೆ ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ."

 ಕೆಲವು ವಾರಗಳಲ್ಲಿ ಆ ಠಾಣೆಯ ಪ್ರಯೋಗ ನಿಂತಿತು. ಕ್ಯಾಮೆರಾ ಬಿಚ್ಚಿಕೊಂಡು ಹೋದರು. ಆವರೆಗೆ ತೆಗೆದ ಮುಖಗಳ ಚಿತ್ರಗಳನ್ನು ಅಳಿಸಬೇಕೆಂಬ ನಮ್ಮ ಬೇಡಿಕೆಗೆ ಇನ್ನೂ ಸರಿಯಾದ ಉತ್ತರ ಬಂದಿಲ್ಲ. ಸಿದ್ದಾಪುರದ ವಕೀಲರು ಅದರ ಬೆನ್ನು ಬಿಟ್ಟಿಲ್ಲ, ಮತ್ತೆ ಕರಿಕೋಟು ಹೊರತೆಗೆದಿದ್ದಾರೆ. ಇಂಥವೇ ಯಂತ್ರಗಳು ಬೇರೆ ಕಡೆ ಬೇರೆ ಹೆಸರಿನಲ್ಲಿ ಬಂದಿವೆಯೆಂದು ಕೇಳುತ್ತೇವೆ. ಗೆದ್ದೆವು ಎಂದು ಎದೆ ತಟ್ಟಿಕೊಳ್ಳುವಷ್ಟು ದೊಡ್ಡದೇನೂ ಆಗಿಲ್ಲ.

ಆದರೆ ಲಾರಿ ಚಾಲಕರಿಗೆ ಅವರ ಲೈನು ಮರಳಿ ಸಿಕ್ಕಿತು. ನರ್ಸ್ ಈಗ ತಿಂಗಳಿಗೊಮ್ಮೆ ಊರಿಗೆ ಬರುತ್ತಾಳೆ. ಹಾವೇರಿಯ ಗೃಹಸ್ಥರು ಆ ಕೆಲಸ ಕಳೆದುಕೊಂಡರು. ಅದು ನಮ್ಮನ್ನು ಬಹಳ ನೋಯಿಸಿತು. ಬನವಾಸಿ ಕಡೆಯ ಬೀಜದಂಗಡಿಯವರು ಅವರನ್ನು ಕರೆಸಿಕೊಂಡು ತಮ್ಮಲ್ಲೇ ಇಟ್ಟುಕೊಂಡಿದ್ದಾರೆ. ಆ ದಾರಿಯಲ್ಲಿ ಹೋದಾಗ ನಾನು ಅಂಗಡಿಗೆ ಹೋಗುತ್ತೇನೆ. "ಬರ್ರಿ ಮೇಡಂ, ಕುಂದರ್ರಿ," ಎಂದು ಸ್ಟೂಲು ಎಳೆದು ಕೊಡುತ್ತಾರೆ. ಹಳೆಯದನ್ನು ನಾವಿಬ್ಬರೂ ಹೆಚ್ಚು ಮಾತಾಡುವುದಿಲ್ಲ. ಸೌತೆಬೀಜ ಯಾವುದು ಒಳ್ಳೆಯದು, ಮಳೆ ಎಲ್ಲಿಗೆ ಬಂತು, ಇಷ್ಟೇ.

ಎಷ್ಟೋ ವರ್ಷ ಈ ಕೆಲಸ ಮಾಡಿದ್ದೇನೆ. ಬರೆದದ್ದು ಮರುದಿನ ಕಡಲೆಕಾಯಿ ಕಟ್ಟಲು ಹೋಗುತ್ತದೆಂಬ ಬೇಸರ ನನ್ನಲ್ಲಿ ಗಟ್ಟಿಯಾಗಿ ಕೂತಿತ್ತು. ಅದನ್ನು ಕಳೆದವರು ಇವರೆಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ನನಗೆ ಮೇಷ್ಟ್ರು ಕಲಿಸಿದರು. ಲೆಕ್ಕ ಕೂಡಿಸುವ ಮೊದಲು ಜಗಲಿಗೆ ಹೋಗಿ ಕೂತು ಕೇಳಬೇಕೆಂದು ನಮ್ಮಿಬ್ಬರಿಗೂ ಮಾಗೋಡಿನ ಆ ಕೇರಿ ಕಲಿಸಿತು. ಬಸ್ಸಿನಿಂದ ಇಳಿದ ಆ ಮೀನಿನ ಹೆಂಗಸಿನ ಊರು ಯಾವುದೋ ನಾನು ಕೇಳಲೇ ಇಲ್ಲ. ಕಂಡಕ್ಟರನ್ನು ಮಾತ್ರ ಹುಡುಕಿಕೊಂಡು ಡಿಪೋಗೆ ಹೋಗಿದ್ದೆ, ಕೈ ಮುಗಿಯೋಣವೆಂದು. ಅವರು ಡ್ಯೂಟಿಗೆ ಹೊರಟಿದ್ದರು. "ಹ್ವಾ, ಆ ದಿನದ್ದಾ? ಅದ್ರಲ್ಲಿ ಎಂತ ಉಂಟು?" ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದರು.

ಮೊನ್ನೆ ಇನ್ನೊಂದು ರಾಜ್ಯದಿಂದ ಒಬ್ಬ ವರದಿಗಾರ್ತಿ, ಒಬ್ಬ ಪ್ರಾಧ್ಯಾಪಕರು ಜತೆಯಾಗಿ ಶಿರಸಿಗೆ ಬಂದಿದ್ದರು. ಅವರ ಊರಿನ ರೈಲು ನಿಲ್ದಾಣದಲ್ಲಿ ವಲಸೆ ಕಾರ್ಮಿಕರನ್ನು ಇಂಥದೇ ಯಂತ್ರ ತಡೆಯುತ್ತಿದೆಯಂತೆ. ಮೇಷ್ಟ್ರ ಮನೆಯ ಮುಂದಿನ ಕೋಣೆಯಲ್ಲಿ ಎಲ್ಲರೂ ಕೂತೆವು. ಬಂದವರಿಬ್ಬರೂ ಆಗಲೇ ತಮ್ಮತಮ್ಮಲ್ಲಿ ಜಗಳವಾಡುತ್ತಿದ್ದರು. ಆಕೆಗೆ ಅವಸರ, ಆತನಿಗೆ ಇನ್ನಷ್ಟು ಕಾಯಬೇಕೆಂಬ ಹಟ. ಮೇಷ್ಟ್ರು ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ನಾನು ಒಳಗೆ ಹೋಗಿ ಎಲ್ಲರಿಗೂ ಕಷಾಯ ತಂದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅವರಿಬ್ಬರೂ ಒಂದೇ ಹಾಳೆಯ ಮೇಲೆ ಬಗ್ಗಿ ಬರೆಯುತ್ತಿದ್ದರು.